ಗಾಳಿ ಜಾಕಿನ ಗದ್ದಲ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಅಡಿಕೆ ಕೃಷಿಕರಲ್ಲಿ ಕೆಲವರ ಮನೆಗೆ ತಾಗಿ ಒಂದು ಶೆಡ್ ಇರುತ್ತದೆ. ಹೆಸರಿಗೆ ಅದು ಕಟ್ಟಿಗೆ ಕೊಟ್ಟಿಗೆ. ಒಳಗೆ ಇಣುಕಿದರೆ ವೆಲ್ಡಿಂಗ್ ಮೆಷಿನು, ಗ್ರೈಂಡರು, ಕರುಳು ಬಿಚ್ಚಿಟ್ಟ, ಮದ್ದು ಬಿಡುವ ಎಚ್‌ಟಿಪಿ ಪಂಪು. ಕಟ್ಟಿಗೆ ಮಾತ್ರ ಹೊರಗೆ ಮಳೆಯಲ್ಲಿ. ಸಜೀಪಮೂಡದ ಗಣಪತಿ ಭಟ್ಟರು ಮಾಡಿದ ಅಡಿಕೆ ಮರ ಏರುವ ಬೈಕು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತಲ್ಲ, ಆಗ ಇಂಥ ಶೆಡ್ಡುಗಳ ಯಜಮಾನರಿಗೆ ಮನೆಯಲ್ಲಿ ಸ್ವಲ್ಪ ಗೌರವ ಬಂತು. ಸ್ವಲ್ಪ ದಿನ.

ಶೆಡ್ಡಿನ ಮುಖ್ಯ ದೇವರು ಪ್ರೆಸ್ಸು. ಚಾನೆಲ್ ಕಬ್ಬಿಣದ ಚೌಕಟ್ಟು, ಎರಡು ಸ್ಪ್ರಿಂಗು, ನಡುವೆ ಲಾರಿ ಎತ್ತುವ ಬಾಟಲ್ ಜಾಕು. ಜಾಕನ್ನು ತಲೆಕೆಳಗೆ ಮಾಡಿದರೆ ಎಣ್ಣೆಯ ಬದಲು ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ಅದನ್ನು ನೆಟ್ಟಗೇ ನಿಲ್ಲಿಸಬೇಕು. ತಲೆ ಮೇಲಿನ ತೊಲೆಗೆ ಆನಿಕೊಂಡು, ಜಾಕು ತಾನೇ ಕೆಳಗಿಳಿದು ಬುಡದಿಂದ ಒತ್ತುತ್ತದೆ. ಮಳೆಗಾಲವಿಡೀ ಮೈಲುತುತ್ತು, ಸುಣ್ಣದ ನೀರು ಕುಡಿದ ಪಂಪಿನ ಬೇರಿಂಗು ಶಾಫ್ಟಿಗೆ ಅಂಟಿ ಕೂತರೆ ಸುತ್ತಿಗೆಗೆ ಅದು ಜಗ್ಗುವುದಿಲ್ಲ. ಆಗ ಈ ದೇವರೇ ಗತಿ.

ಈಚೆಗೆ ನಮ್ಮ ಭಾವನವರು ತಮ್ಮ ಪ್ರೆಸ್ಸಿಗೆ ಏರ್ ಜಾಕ್ ಹಾಕಿಸಿದರು. ‘ಲಿವರ್ ಒತ್ತಿ ಒತ್ತಿ ರಟ್ಟೆ ಹೋಯ್ತು ಮಾರಾಯ್ರೆ, ಇನ್ನು ಗಾಳಿಯೇ ಒತ್ತಲಿ’ ಎಂದರು. ನಿಜದಲ್ಲಿ ಒತ್ತುವುದು ಗಾಳಿಯಲ್ಲ. ಕಂಪ್ರೆಸರಿನ ಗಾಳಿಗೆ ಚದರ ಸೆಂಟಿಮೀಟರಿಗೆ ಏಳು ಕಿಲೋ ಒತ್ತಡ ಅಂತ ಹಿಡಿಯಿರಿ. ಅದೊಂದರಿಂದಲೇ 20 ಟನ್ ಬೇಕೆಂದರೆ ಎರಡಡಿ ಅಗಲದ ಪಿಸ್ಟನ್ ಬೇಕಾಗುತ್ತದೆ. ಜಾಕಿನಲ್ಲಿ ಗಾಳಿಯದ್ದು ಆಳಿನ ಕೆಲಸ: ಹಿಂದೆ ಮುಂದೆ ಓಡಿ ಎಣ್ಣೆಯ ಸಣ್ಣ ಪ್ಲಂಜರನ್ನು ಟಕಟಕ ಕುಟ್ಟುವುದು. ಭಾರ ಎಣ್ಣೆಯ ಹೆಗಲಿಗೆ. ಪ್ಯಾಸ್ಕಲ್ 17ನೇ ಶತಮಾನದಲ್ಲಿ ಹೇಳಿದ, 1795ರಲ್ಲಿ ಇಂಗ್ಲೆಂಡಿನ ಬ್ರಾಮಾ ಪೇಟೆಂಟ್ ಮಾಡಿಕೊಂಡ ಅದೇ ತತ್ತ್ವ. ಬದಲಾದದ್ದು ಕುಟ್ಟುವವರು ಮಾತ್ರ.

ಆದರೆ ಲಿವರ್ ಕೈಯಲ್ಲಿದ್ದಾಗ ಬೇರಿಂಗಿನ ಮನಸ್ಸು ತಿಳಿಯುತ್ತಿತ್ತು. ಬಿಗಿ, ಇನ್ನೂ ಬಿಗಿ, ‘ಠಣ್’ ಎಂದೊಂದು ಸದ್ದು, ಮತ್ತೆ ಲಿವರ್ ಹಗುರ. ಶಾಫ್ಟ್ ಓರೆಯಾಗಿ ಕೂತಿದ್ದರೆ ರಟ್ಟೆಗೇ ಮೊದಲು ಗುಮಾನಿ. ಗಾಳಿಯ ಗುಂಡಿ ಒತ್ತುವ ಹೆಬ್ಬೆರಳಿಗೆ ಒಂದು ಟನ್ನೂ ಹತ್ತು ಟನ್ನೂ ಒಂದೇ. ಕಿವಿಗಾದರೆ ಗೊತ್ತಾಗುತ್ತದೆ, ಭಾರ ಏರಿದಂತೆ ಟಕಟಕ ನಿಧಾನವಾಗುತ್ತದೆ. ಕೈಯ ವಿದ್ಯೆ ಕಿವಿಗೆ ಬಂತು, ಇರಲಿ. ಆದರೆ ಪಕ್ಕದಲ್ಲೇ ಕಂಪ್ರೆಸರು ಬೊಬ್ಬೆ ಹಾಕುವಾಗ ಕಿವಿ ಏನನ್ನು ಕೇಳಬೇಕು? ಭಾವನವರು ಕಂಪ್ರೆಸರನ್ನು ಹಟ್ಟಿಯ ಹಿಂದಕ್ಕೆ ಸಾಗಿಸಿದರು. ದನ ಹಾಲು ಕಮ್ಮಿ ಮಾಡಿತು. ಅಕ್ಕ ಅದನ್ನು ತೋಟದ ಬದಿಗೆ ಸಾಗಿಸಲು ಹೇಳಿದಳು. ಅಲ್ಲಿಗೆ ವಯರು ಎಳೆದರೆ ವೋಲ್ಟೇಜ್ ಸಾಲದೆ ಮೋಟರು ಬರೀ ಗುಂಯ್‌ಗುಡುತ್ತದೆ. ಸದ್ಯ ಅದು ಮನೆ, ಹಟ್ಟಿ, ತೋಟ ಮೂರಕ್ಕೂ ಸಮದೂರದಲ್ಲಿ, ಅಂಗಳದ ನಡುವೆ ಇದೆ.

ಇಂಥದೇ ಪ್ರೆಸ್ಸಿನಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವವರ ಕಥೆ ಬೇರೆ. ನೆನೆಸಿದ ಹಾಳೆ, ಬಿಸಿ ಅಚ್ಚು, ಒತ್ತು, ಬಿಡು, ಮತ್ತೆ ಹಾಳೆ. ಪ್ರತಿ ತಟ್ಟೆಯೂ ಅದೇ ಆಳ, ಅದೇ ಒತ್ತು. ಅಲ್ಲಿ ಮನಸ್ಸು ತಿಳಿಯುವ ಪ್ರಶ್ನೆಯೇ ಇಲ್ಲ. ಅಂಥವರು ರಟ್ಟೆ ಉಳಿಸಿಕೊಳ್ಳುವುದೇ ಸರಿ.

ವರ್ಷಕ್ಕೆ ನಾಲ್ಕು ಬೇರಿಂಗ್ ಬದಲಿಸುವವರಿಗೆ ಕೈ ಜಾಕು ಧಾರಾಳ ಸಾಕು. ಏರ್ ಜಾಕೇ ಬೇಕೆಂದಿದ್ದರೆ ಲಿವರೂ ಇರುವಂಥದ್ದನ್ನು ಕೇಳಿ ತನ್ನಿ, ಹಾಗೆ ಬರುತ್ತದೆ. ಗಾಳಿಯಲ್ಲಿ ಕೆಳಗಿಳಿಸಿ, ಬೇರಿಂಗಿಗೆ ತಾಗಿದ ಮೇಲೆ ಕೈಯಲ್ಲಿ ಒತ್ತಿ. ಗಟ್ಟಿ ಉಕ್ಕಿನ ಬೇರಿಂಗು ಒಡೆದರೆ ಚೂರು ಗುಂಡಿನ ಹಾಗೆ ಹಾರುತ್ತದೆ. ಎದುರಿಗೆ ಒಂದು ದಪ್ಪ ತಗಡು ಕಟ್ಟಿ, ಕಣ್ಣಿಗೆ ಕನ್ನಡಕ ಹಾಕಿ, ನೀವು ಬದಿಗೆ ನಿಲ್ಲಿ.