ಯುಗಾದಿ ನೆಂಟರ ಒಳಹರಿವು: ಮುದ್ದೇನಹಳ್ಳಿಯನ್ನು ಕುರಿತ ಒಂದು ಜಲಶಾಸ್ತ್ರೀಯ ವಿವೇಚನೆ

ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಎಲ್ಲವೂ ಹುಟ್ಟಿದೂರಿಗೆ ಬೆನ್ನು ತಿರುಗಿಸಿ ಹೊರಗೆ ಹೋಗುವ ಹೊಳೆಗಳು. ಮುದ್ದೇನಹಳ್ಳಿಗೆ ಹೊರಗಿನಿಂದ ಹರಿದು ಬರುವುದು ನೆಂಟರು ಮಾತ್ರ. ವರ್ಷವಿಡೀ ಸಣ್ಣಗೆ ಜಿನುಗುವ ಈ ಹರಿವು ಚೈತ್ರ ಶುದ್ಧ ಪಾಡ್ಯಮಿಯ ಹಿಂದುಮುಂದಿನ ವಾರದಲ್ಲಿ ಪ್ರವಾಹದ ಮಟ್ಟ ಮುಟ್ಟುತ್ತದೆಂಬುದು ಈ ಪ್ರಬಂಧದ ಪ್ರತಿಪಾದನೆ. ಹಿಂದಿನ ವಿದ್ವಾಂಸರು ಇದನ್ನು ಅತಿಥಿ ಸತ್ಕಾರವೆಂಬ ಧರ್ಮಶಾಸ್ತ್ರದ ಬಾಬತ್ತಿಗೆ ಸೇರಿಸಿ ಕೈ ತೊಳೆದುಕೊಂಡಿದ್ದಾರೆ. ಅವರಲ್ಲಿ ಯಾರಾದರೂ ಪಾತ್ರೆ ತೊಳೆದದ್ದಕ್ಕೆ ಆಧಾರ ಸಿಗುವುದಿಲ್ಲ.

ಒಳಹರಿವಿನ ಮೂಲಗಳು ಮುಖ್ಯವಾಗಿ ಎರಡು. ಉತ್ತರದಿಂದ ಗೌರಿಬಿದನೂರಿನ ಮೇಲೆ ಹಾದು ಹಿಂದೂಪುರದ ಕಡೆಯವರು ಬರುತ್ತಾರೆ. ಅವರು ಕಾರಿನಿಂದ ಇಳಿಯುವಾಗ ತೆಲುಗಿನಲ್ಲಿದ್ದು ಕಾಫಿಯ ಹೊತ್ತಿಗೆ ಕನ್ನಡಕ್ಕೆ ಬಂದಿರುತ್ತಾರೆ. ದಕ್ಷಿಣದಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬರುವುದು ಬೆಂಗಳೂರಿನ ಹರಿವು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುವ ಕೊಳಚೆ ನೀರಾದರೂ ಎರಡು ಹಂತ ಶುದ್ಧೀಕರಣವಾಗಿ ಬರುತ್ತದೆ. ಮೂರನೆಯ ಹಂತವೂ ಆಗಲೇಬೇಕೆಂದು ರೈತರು ಹೋರಾಡುತ್ತಲೇ ಇದ್ದಾರೆ. ಬೆಂಗಳೂರಿನ ನೆಂಟರ ವಿಷಯದಲ್ಲಿ ಒಂದನೆಯ ಹಂತಕ್ಕೂ ಯಾರೂ ಬಾಯಿ ತೆರೆದಿಲ್ಲ.

ಇಲ್ಲಿ ನಾವು ಅನುಸರಿಸಿರುವ ವಿಧಾನ ಇದೇ ಊರಿನ ಮಗ ಸರ್ ಎಂ. ವಿಶ್ವೇಶ್ವರಯ್ಯನವರದು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವರು ಕೂರಿಸಿದ ಸ್ವಯಂಚಾಲಿತ ಬಾಗಿಲುಗಳು ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿದವು. ನೀರು ಗೊತ್ತಾದ ಮಟ್ಟ ಮೀರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಮನೆಯನ್ನು ಎತ್ತರಿಸದೆ ಹೆಚ್ಚು ನೆಂಟರನ್ನು ಹಿಡಿಯುವುದು ನಮ್ಮ ಹೆಂಗಸರಿಗೆ ಅದಕ್ಕೂ ಮೊದಲೇ ಗೊತ್ತಿತ್ತು: ಪಡಸಾಲೆ ತುಂಬಿದರೆ ಚಾಪೆ ತಾರಸಿಗೆ ಏರುತ್ತದೆ. ನೀರಾವರಿಯಲ್ಲಿ ಅವರು ಜಾರಿಗೆ ತಂದ ಸರದಿ ಪದ್ಧತಿಯನ್ನು ಯುಗಾದಿಯ ಎಣ್ಣೆಸ್ನಾನಕ್ಕೆ ಹಚ್ಚಿದ್ದೂ ಫಲ ಕೊಟ್ಟಿದೆ. ಹಂಡೆಯ ಬಿಸಿನೀರು ಮೊದಲು ಹಿರಿಯರಿಗೆ, ಆಮೇಲೆ ಮಕ್ಕಳಿಗೆ, ತಳದಲ್ಲಿ ಉಳಿದದ್ದು ಅಳಿಯಂದಿರಿಗೆ. ಮನೆಯವರು ಕಾಲುವೆಯ ಕೊನೆ ಭಾಗದ ರೈತರು.

ಯುಗಾದಿಯ ದಿನವನ್ನು ಶಾಸ್ತ್ರ ವಿಪರೀತ ಹೊಗಳಿದೆ. ವಾಸ್ತವದಲ್ಲಿ ಅಂದು ಬೇವುಬೆಲ್ಲ, ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ ತಿಂದು ಜನ ಮಲಗುತ್ತಾರೆ, ಏನೂ ತೊಂದರೆಯಿಲ್ಲ. ಪ್ರವಾಹದ ನಿಜವಾದ ನೆತ್ತಿ ಮಾರನೆಯ ದಿನದ ಹೊಸತೊಡಕು. ಒಬ್ಬಟ್ಟಿಗೆ ಬಾರದ ಸ್ನೇಹಿತರೆಲ್ಲ ಬಾಡೂಟಕ್ಕೆ ಬರುತ್ತಾರೆ. ಒಬ್ಬಟ್ಟು ತಿಂದರೆ ಸಕ್ಕರೆ ಕಾಯಿಲೆ ಎಂದವರು, ಆಫೀಸಿಗೆ ರಜೆ ಸಿಗಲಿಲ್ಲ ಎಂದವರು, ದೇವನಹಳ್ಳಿಯಲ್ಲಿ ರಾತ್ರಿ ವಿಮಾನ ಹತ್ತಬೇಕಾದವರು, ಎಲ್ಲರೂ. ಬೆಳಗಿನ ಜಾವ ಊರೊಟ್ಟಿನ ಗುಡ್ಡೆ ಮಾಂಸದಲ್ಲಿ ನಮ್ಮ ಪಾಲು ತರುವಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿಗಳು ಇಮ್ಮಡಿಯಾಗಿರುತ್ತವೆ. ಇಸ್ಪೀಟಿನ ಕಟ್ಟು ಹೊರಬೀಳುತ್ತದೆ. ಅಂದು ಏನು ನಡೆದರೆ ವರ್ಷವಿಡೀ ಅದೇ ನಡೆಯುತ್ತದೆಂಬುದು ಈ ಸೀಮೆಯ ನಂಬಿಕೆ. ಆದ್ದರಿಂದ ಜಗಳವಾಡಬಾರದು, ಸಾಲ ಕೊಡಬಾರದು, ಅಳಬಾರದು. ಅಂದು ಮನೆ ತುಂಬ ನೆಂಟರಿದ್ದರೆ ಮುಂದಿನ ಹನ್ನೆರಡು ತಿಂಗಳು ಏನಾಗಬೇಕು ಎಂಬ ಪ್ರಶ್ನೆಯನ್ನು ಈ ನಂಬಿಕೆ ಹುಟ್ಟಿಸಿದವರು ಯೋಚಿಸಿದಂತಿಲ್ಲ. ಸಂಜೆ ಚಂದ್ರನನ್ನು ನೋಡಲು ಎಲ್ಲರೂ ತಾರಸಿಯ ಮೇಲೆ ಪಡುವಲಿಗೆ ಮುಖ ಮಾಡಿ ನಿಲ್ಲುತ್ತಾರಲ್ಲ, ತಲೆ ಎಣಿಸಲು ಮನೆಯೊಡತಿಗೆ ವಾರದಲ್ಲಿ ಸಿಗುವ ಸಂದರ್ಭ ಅದೊಂದೇ. ಆಕೆ ಚಂದ್ರನನ್ನು ನೋಡಿದ್ದು ಈವರೆಗೆ ದಾಖಲಾಗಿಲ್ಲ.

ಕೆರೆ ತುಂಬಿದರೆ ಕೋಡಿ ಬೀಳಬೇಕು. ನಮ್ಮ ಕೋಡಿ ನಂದಿಬೆಟ್ಟ. ಎತ್ತರ 1478 ಮೀಟರ್. ನಸುಕಿಗೇ ಎದ್ದು, ಬೆಟ್ಟದ ಬುಡದಲ್ಲಿ ವಾಹನಗಳ ಸಾಲಿನಲ್ಲಿ ಕೂತು, ಮೇಲೆ ಹೋಗಿ ಮಂಜು ನೋಡಿ, ಮಂಜಿನ ಹಿಂದೆ ಸೂರ್ಯ ಹುಟ್ಟಿದನೆಂದು ಊಹಿಸಿಕೊಂಡು ಇಳಿಯುತ್ತಾರೆ. ಜೊತೆಗೆ ಹೋಗುವ ಮನೆಯವನು ‘ನಾನು ನೋಡಿದ್ದೀನಿ’ ಎನ್ನುವಂತಿಲ್ಲ. ಬುಡದ ಭೋಗನಂದೀಶ್ವರ ಫೋಟೋಗೆ, ಊರಿನ ವಿಶ್ವೇಶ್ವರಯ್ಯ ಸ್ಮಾರಕ ಮಕ್ಕಳಿಗೆ ಬುದ್ಧಿ ಹೇಳುವುದಕ್ಕೆ. 2023ರಲ್ಲಿ ಆವಲಗುರ್ಕಿಯಲ್ಲಿ ಆದಿಯೋಗಿಯ ಮೂರ್ತಿ ಎದ್ದ ಮೇಲೆ ಸಂಜೆಗೂ ಒಂದು ಕೋಡಿ ಒದಗಿದೆ. ಆದರೆ ಸಿದ್ಧಾಂತ ಇಲ್ಲೇ ಬಿರುಕು ಬಿಡುತ್ತದೆ. ಕೋಡಿಯಲ್ಲಿ ಹೋದ ನೀರು ತಿರುಗಿ ಬರುವುದಿಲ್ಲ. ಬೆಟ್ಟಕ್ಕೆ ಹೋದವರು ತಿಂಡಿಯ ಹೊತ್ತಿಗೆ ಬರುತ್ತಾರೆ, ಇನ್ನಷ್ಟು ಹಸಿದು.

ಇದಕ್ಕಿಂತ ದೊಡ್ಡ ದೋಷ ಬಾಗಿಲಿನದೇ. ಖಡಕ್‌ವಾಸ್ಲಾದ ಬಾಗಿಲು ಮಟ್ಟ ಮೀರಿದಾಗ ತೆರೆಯುತ್ತಿತ್ತು. ನಮ್ಮದು ಸರಿಯಾಗಿ ಆಗಲೇ ಮುಚ್ಚಿಕೊಳ್ಳುತ್ತದೆ. ನೆಂಟರು ಬ್ಯಾಗು ಎತ್ತಿ ‘ಹೊರಡ್ತೀವಿ ಅತ್ತೆ’ ಎಂದ ಕ್ಷಣ ಒಳಗಿನಿಂದ ‘ಅಯ್ಯೋ, ಈಗೇನವಸರ, ಒಬ್ಬಟ್ಟಿನ ಸಾರು ಇವತ್ತೇ ಹದಕ್ಕೆ ಬಂದಿರೋದು, ಉಂಡ್ಕಂಡು ಹೋಗ್ರಪ್ಪ’ ಎಂಬ ಧ್ವನಿ ಹೊರಡುತ್ತದೆ. ಹೀಗೆಂದವರು ಮೂರು ದಿನದಿಂದ ಸೊಂಟ ಹಿಡಿದುಕೊಂಡು ನರಳುತ್ತಿದ್ದವರೇ. ಎರಡು ಸಲ ಬೇಡವೆನ್ನುವುದು ಬಂದವರ ಕರ್ತವ್ಯ. ಹೊಸ ಅಳಿಯಂದಿರು ಮೊದಲ ಸಲಕ್ಕೇ ಒಪ್ಪಿ ಕೂತುಬಿಡುತ್ತಾರೆ.

ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನ್ ಪದವಿ ಒಪ್ಪುವ ಮುನ್ನ ನೆಂಟರಿಷ್ಟರನ್ನೆಲ್ಲ ಊಟಕ್ಕೆ ಕರೆದು, ಶಿಫಾರಸಿಗೆಂದು ಯಾರೂ ತಮ್ಮ ಬಳಿ ಬರಕೂಡದೆಂದು ಮಾತು ತೆಗೆದುಕೊಂಡರೆಂದು ಹೇಳುತ್ತಾರೆ. ಹರಿವನ್ನು ಮೂಲದಲ್ಲೇ ತಡೆದ ಉದಾಹರಣೆ ಇದೊಂದೇ. ಆದರೆ ಅವರೂ ಊಟ ಹಾಕಿಯೇ ಹೇಳಬೇಕಾಯಿತು.

ಕೊನೆಯದಾಗಿ ಹೂಳು. ನೀರಿಳಿದ ಮೇಲೆ ಮನೆಯಲ್ಲಿ ಚಾರ್ಜರುಗಳು, ಒಂಟಿ ಕಾಲುಚೀಲ, ಯಾರದೋ ಟಿಫನ್ ಡಬ್ಬಿ ಉಳಿಯುತ್ತವೆ. ಪರೀಕ್ಷೆ ಮುಗಿದಿದ್ದರೆ ಒಬ್ಬ ಹುಡುಗನೂ ಉಳಿಯುತ್ತಾನೆ. ‘ಇರ್ಲಿ ಬಿಡಕ್ಕ, ಇಲ್ಲಿ ಗಾಳಿ ಚೆನ್ನಾಗಿದೆ’ ಎಂದು ಬಿಟ್ಟುಹೋಗಿರುತ್ತಾರೆ. ಈ ಹೂಳೆತ್ತಲು ಮುಂದಿನ ಭಾನುವಾರ ಬೆಂಗಳೂರಿನಿಂದ ಒಂದು ಕಾರು ಬರುತ್ತದೆ. ಒಬ್ಬ ಹುಡುಗನನ್ನು ಕರೆದೊಯ್ಯಲು ಅದರಲ್ಲಿ ಐದು ಜನ, ಅವರಲ್ಲಿ ಇಬ್ಬರು ಇನ್ನೂ ನಂದಿಬೆಟ್ಟ ನೋಡಿಲ್ಲ.