ಸೆಲೆಕ್ಷನ್ ಕಮಿಟಿ

ನಮ್ಮ ಬೀದಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಸೆಲೆಕ್ಷನ್ ಕಮಿಟಿ’ ಅಂದರೆ ಸಾಕು, ರಾಜಾಜಿನಗರದ ಈ ನಾಲ್ಕು ಕ್ರಾಸಿನೊಳಗೆ ಹಾಲಿನ ಬೂತಿನವನಿಗೂ ಗೊತ್ತಾಗುತ್ತದೆ. ಹಗಲು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ವಿಭಾಗದ ಕೆಲಸ. ನಟ್ಟು, ಬೋಲ್ಟು, ಆಯಿಲ್ ಸೀಲು ಖರೀದಿಸುತ್ತಾನೆ. ಉಳಿದ ಹೊತ್ತೆಲ್ಲ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿಗೆ ಮ್ಯಾನೇಜರನ್ನು ಹುಡುಕುವುದೇ ಕೆಲಸ. ಇದಕ್ಕೆ ಸಂಬಳವಿಲ್ಲ, ರಜೆಯಿಲ್ಲ. ಇಂಥವನೊಬ್ಬ ರಾಜಾಜಿನಗರದಲ್ಲಿದ್ದಾನೆ ಅನ್ನುವ ಸಂಗತಿ ಆ ಕ್ಲಬ್ಬಿಗೂ ಗೊತ್ತಿಲ್ಲ.

ಮ್ಯಾಂಚೆಸ್ಟರ್ ಇಲ್ಲಿಂದ ಸುಮಾರು 8,000 ಕಿಲೋಮೀಟರ್. ಅವನು ಅಲ್ಲಿಗೆ ಹೋದವನಲ್ಲ. ಆದರೂ ಆ ಕ್ಲಬ್ಬಿನ ಮಾತು ಬಂದರೆ ‘ನಾವು’, ‘ನಮಗೆ’ ಬಿಟ್ಟು ಬೇರೆ ಮಾತಿಲ್ಲ. ಒಮ್ಮೆ ರಾತ್ರಿ ಫೋನಿನಲ್ಲಿ ಯಾರಿಗೋ “ನಮ್ದು ಹಿಂದ್ಗಡೆ ಪೂರ್ತಿ ಓಪನ್ ಇದೆ ಮಗಾ, ಯಾರು ಬೇಕಾದ್ರೂ ನುಗ್ಬಹುದು” ಅನ್ನುತ್ತಿದ್ದನಂತೆ. ಒಳಗಿಂದ ಅವನ ತಾಯಿ ಎದ್ದು ಬಂದು, “ಹಿತ್ತಿಲ ಬಾಗ್ಲಿಗೆ ನಾನೇ ಚಿಲಕ ಹಾಕಿದೀನಲ್ಲೋ” ಅಂದರಂತೆ.

ರೋಗ ಅಂಟಿಕೊಂಡದ್ದು 1999ರ ಮೇ ತಿಂಗಳಲ್ಲಿ, ಹೈಸ್ಕೂಲು ಹುಡುಗನಾಗಿದ್ದಾಗ. ಬಾರ್ಸಿಲೋನಾದಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಯುರೋಪಿನ ಫೈನಲ್. ನಮ್ಮಲ್ಲಿ ರಾತ್ರಿ ಎರಡು ದಾಟಿತ್ತು, ಯುನೈಟೆಡ್ ಒಂದು ಗೋಲು ಹಿಂದಿತ್ತು, ಇಂಜುರಿ ಟೈಮ್ ಬೇರೆ ಶುರುವಾಗಿತ್ತು. ಆಗ ಶೆರಿಂಗ್‌ಹ್ಯಾಮ್ ಒಂದು ಹೊಡೆದ, ಅದರ ಬೆನ್ನಿಗೇ ಸೋಲ್‌ಶೇರ್ ಇನ್ನೊಂದು ಹೊಡೆದ. ಕೇಬಲ್ ಟೀವಿಯ ಆ ಎರಡು ಗೋಲು ಅವನ ಮುಂದಿನ ಜೀವನವನ್ನೆಲ್ಲ ನುಂಗಿದವು. ಆಗೆಲ್ಲ ಮ್ಯಾನೇಜರನ್ನು ಹುಡುಕುವ ಪ್ರಶ್ನೆಯೇ ಇರಲಿಲ್ಲ. ಸರ್ ಅಲೆಕ್ಸ್ ಫರ್ಗುಸನ್ 1986ರ ನವೆಂಬರಿನಲ್ಲಿ ಕುರ್ಚಿಯಲ್ಲಿ ಕೂತವರು 2013ರ ಮೇವರೆಗೆ ಏಳಲಿಲ್ಲ. 38 ಟ್ರೋಫಿ ತಂದರು, ಅದರಲ್ಲಿ 13 ಲೀಗ್ ಪಟ್ಟಗಳು. ಅವರು ಎದ್ದು ಹೋದ ದಿನ ನಮ್ಮ ಸೆಲೆಕ್ಷನ್ ಕಮಿಟಿ ಅಧಿಕಾರ ವಹಿಸಿಕೊಂಡಿತು.

ಅಲ್ಲಿಂದೀಚೆಗೆ ಬಂದು ಹೋದವರನ್ನೆಲ್ಲ ಮೊದಲ ದಿನ ಮೆಚ್ಚಿದವನೂ ಇವನೇ, ಕೊನೆಯ ದಿನ ಶಪಿಸಿದವನೂ ಇವನೇ. ಡೇವಿಡ್ ಮೋಯ್ಸ್‌ಗೆ ಆರು ವರ್ಷದ ಕರಾರು ಸಿಕ್ಕಿತು: “ಫರ್ಗುಸನ್ನೇ ಆರಿಸಿದ್ದು, ಸ್ಕಾಟ್ಲೆಂಡಿನವ್ನು, ಮಣ್ಣಿನ ಗುಣ ಇರುತ್ತೆ.” ಹತ್ತು ತಿಂಗಳಿಗೆ ಮೋಯ್ಸ್ ಮನೆಗೆ ಹೋದರು: “ಮಣ್ಣು ಒಂದೇ ಆದ್ರೆ ಬೆಳೆ ಒಂದೇ ಆಗುತ್ತಾ?” ವ್ಯಾನ್ ಗಾಲ್ 2016ರಲ್ಲಿ ಎಫ್‌ಎ ಕಪ್ ಗೆದ್ದು ಕೊಟ್ಟರು, ಎರಡು ದಿನಕ್ಕೆ ಕೆಲಸ ಕಳೆದುಕೊಂಡರು. “ಕಪ್ ಗೆದ್ದ ಸರಿ, ಆದ್ರೆ ನಿದ್ದೆ ಬರಿಸ್ಬಿಟ್ಟ ಗುರು.” ಮೊರಿನ್ಯೊ ಎರಡೂವರೆ ವರ್ಷವೂ ಮ್ಯಾಂಚೆಸ್ಟರಿನಲ್ಲಿ ಮನೆ ಮಾಡದೆ ಲೌರಿ ಹೋಟೆಲಿನಲ್ಲೇ ಉಳಿದಿದ್ದರು. ಎರಡು ದೊಡ್ಡ ಟ್ರೋಫಿ ತಂದಾಗ ಕಮಿಟಿಗೆ ಅದೇನೂ ತಪ್ಪಾಗಿ ಕಂಡಿರಲಿಲ್ಲ. ಕೆಲಸ ಹೋದ ಮೇಲೆ ಮಾತ್ರ, “ಸೂಟ್‌ಕೇಸೇ ಬಿಚ್ಚದವ್ನು ನಿಲ್ತಾನಾ? ನಾನು ಆವತ್ತೇ ಹೇಳಿದ್ದೆ.” ಸೋಲ್‌ಶೇರ್ ಬಂದಾಗಂತೂ ಹದಿಹರೆಯದ ಆ ರಾತ್ರಿಯೇ ತಿರುಗಿ ಬಂದ ಹಾಗಾಗಿ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದ. 2021ರಲ್ಲಿ ವಾಟ್‌ಫರ್ಡ್ ಕೈಲಿ ನಾಲ್ಕು ಗೋಲು ತಿಂದ ಮೇಲೆ ಮೈಸೂರುಪಾಕಿನ ವಿಷಯ ಎತ್ತಿದರೆ ಮಾತು ಬದಲಿಸುತ್ತಾನೆ.

ಆಮೇಲೆ ಬಂದ ಮ್ಯಾನೇಜರ್ ಟೆನ್ ಹ್ಯಾಗ್ ಪ್ರಕರಣದಲ್ಲಿ ಮಾತ್ರ ಅವನು ಕ್ಲಬ್ಬಿನ ಮಾಲೀಕರ ಮೇಲೆ ನಿಜವಾಗಿ ಸಿಟ್ಟಾದ. 2024ರ ಜುಲೈನಲ್ಲಿ ಅವರ ಕರಾರನ್ನು ಮುಂದುವರಿಸಿದವರೇ ಅಕ್ಟೋಬರಿನಲ್ಲಿ ತೆಗೆದುಹಾಕಿದರು. ಇಂಥ ತೀರ್ಮಾನಗಳಿಗೆಂದೇ ಕರೆತಂದಿದ್ದ ಸ್ಪೋರ್ಟಿಂಗ್ ಡೈರೆಕ್ಟರ್ ಡ್ಯಾನ್ ಆಶ್ವರ್ತ್ ಕೂಡ ಐದು ತಿಂಗಳಿಗೆ ಹೊರಟರು. ಆಮೇಲೆ ಖರ್ಚು ಕಡಿಮೆ ಮಾಡುವ ಹೆಸರಿನಲ್ಲಿ ಕ್ಲಬ್ಬು ತನ್ನ ಸಿಬ್ಬಂದಿಗೆ ಕೊಡುತ್ತಿದ್ದ ಪುಕ್ಕಟೆ ಮಧ್ಯಾಹ್ನದೂಟ ನಿಲ್ಲಿಸಿ ಹಣ್ಣು ಕೊಡತೊಡಗಿತು. “ನನ್ನ ಕರ್ದಿದ್ರೆ ಊಟಾನೂ ಕೇಳ್ತಿರ್ಲಿಲ್ಲ, ಹಣ್ಣೂ ಕೇಳ್ತಿರ್ಲಿಲ್ಲ. ಡಬ್ಬಿ ತಗೊಂಡು ಹೋಗ್ತಿದ್ದೆ” ಅಂದ. ಇದು ತಮಾಷೆಗೆ ಹೇಳಿದ ಮಾತಲ್ಲ.

ಕಮಿಟಿಯ ಪೂರ್ಣ ಸಭೆ ಶನಿವಾರ ಸಂಜೆ, ದರ್ಶಿನಿಯ ಹೊರಗೆ ಮರದ ಕೆಳಗಿನ ನಿಂತು ತಿನ್ನುವ ಟೇಬಲ್ಲಿನ ಸುತ್ತ ನಡೆಯುತ್ತದೆ. ಸದಸ್ಯರು ಮೂವರು. ಒಬ್ಬ ಬ್ಯಾಂಕಿನವನು, ಯುನೈಟೆಡ್ಡಿನ ಅನ್ನ ತಿಂದವನೇ ಮ್ಯಾನೇಜರಾಗಬೇಕು, ಹೊರಗಿನವರಿಗೆ ಆ ‘ಡಿಎನ್‌ಎ’ ಬರುವುದಿಲ್ಲ ಅನ್ನುವುದು ಅವನ ಸಿದ್ಧಾಂತ. ಇನ್ನೊಬ್ಬ ಸಾಫ್ಟ್‌ವೇರ್ ಹುಡುಗ, ಲ್ಯಾಪ್‌ಟಾಪ್ ಬ್ಯಾಗಿನ ಸಮೇತ ಬರುತ್ತಾನೆ. ಮೂರನೆಯವರು ನಿವೃತ್ತ ಪಿ.ಟಿ. ಮೇಷ್ಟ್ರು, ಅವರ ಪ್ರಕಾರ ಆಟಗಾರರ ಕಪಾಳಕ್ಕೆ ನಾಲ್ಕು ಬಿಗಿಯುವವರು ಸಿಕ್ಕಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಯುನೈಟೆಡ್ಡಿನ ಹಳೇ ಕ್ಯಾಪ್ಟನ್ ರಾಯ್ ಕೀನ್ ಬಿಟ್ಟರೆ ಬೇರೆ ಹೆಸರನ್ನು ಅವರು ಇವತ್ತಿನವರೆಗೆ ಸೂಚಿಸಿಲ್ಲ.

“ಸಾರ್, ಈ ಬೋರ್ನ್‌ಮತ್ ಕೋಚಿನ ಎಕ್ಸ್‌ಜಿ ನೋಡಿ ಒಂದ್ಸಲ” ಅಂತ ಹುಡುಗ ಫೋನು ಚಾಚಿದ.

“ಏನಪ್ಪಾ ಹಂಗಂದ್ರೆ?”

“ಎಷ್ಟು ಗೋಲು ಬರ್ಬೇಕಿತ್ತು ಅನ್ನೋ ಲೆಕ್ಕ ಸಾರ್.”

“ಬಂತಾ?”

“ಬರ್ಲಿಲ್ಲ.”

“ನಮ್ಮ ಮೊಮ್ಮಗನ ಸಿಇಟಿ ಥರ ಅನ್ನು” ಎಂದು ಮೇಷ್ಟ್ರು ವಡೆ ಮುರಿದರು.

ಪಕ್ಕದ ಟೇಬಲ್ಲಿನಲ್ಲಿ ಯಾವಾಗಲೂ ನಾಲ್ಕು ಜನ ಹಿರಿಯರು ನಿಂತು ಮುಖ್ಯಮಂತ್ರಿ ಬದಲಾವಣೆಯ ಬಗ್ಗೆ ಮಾತಾಡುತ್ತಿರುತ್ತಾರೆ. ಯಾವ ಪಕ್ಷದ ಸರ್ಕಾರವಿದ್ದರೂ ಈ ಚರ್ಚೆ ನಿಂತದ್ದಿಲ್ಲ. ನಡುವೆ ನಿಂತು ಕಾಫಿ ಕುಡಿಯುವವರಿಗೆ ಯಾವ ಮಾತು ಯಾವ ಟೇಬಲ್ಲಿನದು ಎಂದು ತಿಳಿಯುವುದು ಕಷ್ಟ. “ಹೈಕಮಾಂಡ್ ಮನಸ್ಸು ಮಾಡ್ಬೇಕು ಅಷ್ಟೇ.” “ಒಳಗಿನವ್ರೇ ಕಾಲು ಎಳೀತಿದಾರೆ.” “ಎರಡೂವರೆ ವರ್ಷ ಕೊಟ್ಟಾಯ್ತಲ್ಲ, ಇನ್ನೇನು?” ಒಂದು ಸಂಜೆ ಹಿರಿಯರಲ್ಲೊಬ್ಬರು ತಡೆಯಲಾರದೆ ಈ ಕಡೆ ತಿರುಗಿ, “ಯಾರು ಸ್ವಾಮಿ ಆಗ್ತಾರೆ ಅಂತೀರಿ? ಯಾವ ಕಡೆಯವ್ರು?” ಅಂದರು.

“ಪೋರ್ಚುಗಲ್ ಕಡೆಯವ್ರು ಸಾರ್” ಅಂದ ಕಮಿಟಿ.

ಹಿರಿಯರು ಕ್ಷಣಕಾಲ ಯೋಚಿಸಿ, “ಹೊರಗಿನವ್ರನ್ನ ತಂದು ಕೂರಿಸಿದ್ರೆ ಸ್ಥಳೀಯರು ಸಹಿಸಲ್ಲ” ಎಂದರು. ಬ್ಯಾಂಕಿನವನು ಅವರಿಗೆ ಕೈ ಮುಗಿದ.

ಇಂಗ್ಲೆಂಡಿನ ಒಂದು ಹಳೇ ನಿಯಮದಿಂದ ಈ ಸಭೆಗೆ ಇನ್ನಷ್ಟು ಗತ್ತು ಬಂದಿದೆ. ಅಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಟೀವಿಯಲ್ಲಿ ಫುಟ್‌ಬಾಲ್ ನೇರಪ್ರಸಾರ ಮಾಡುವಂತಿಲ್ಲ. ಜನ ಮನೆಯಲ್ಲಿ ಕೂತುಬಿಟ್ಟರೆ ಸಣ್ಣ ಕ್ಲಬ್ಬುಗಳ ಮೈದಾನ ಖಾಲಿ ಹೊಡೆಯುತ್ತವೆ ಅನ್ನುವ ಕಾಳಜಿ. ಆ ನಿಯಮ ಇಂಡಿಯಾಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಟಿಕೆಟ್ ಸಿಗದ ಮ್ಯಾಂಚೆಸ್ಟರಿನವನು ರೇಡಿಯೋಗೆ ಕಿವಿಗೊಟ್ಟು ಕೂತಿದ್ದಾಗ ರಾಜಾಜಿನಗರದವನು ಅದೇ ಆಟವನ್ನು ಸೋಫಾದ ಮೇಲೆ ಒರಗಿ ನೋಡುತ್ತಿರುತ್ತಾನೆ. “ಅವ್ರಿಗಿಂತ ಜಾಸ್ತಿ ನಾನು ನೋಡಿದೀನಿ” ಎಂದು ಕಮಿಟಿ ಹೇಳುವುದರಲ್ಲಿ ತಾಂತ್ರಿಕವಾಗಿ ಸುಳ್ಳಿಲ್ಲ.

ಅವನ ನಿಜವಾದ ಸ್ವರೂಪ ನನಗೆ ತಿಳಿದದ್ದು 2025ರ ಗಣೇಶನ ಹಬ್ಬದ ರಾತ್ರಿ. ಅಂದು ಯುನೈಟೆಡ್‌ಗೆ ಲೀಗ್ ಕಪ್ಪಿನಲ್ಲಿ ಗ್ರಿಮ್ಸ್‌ಬಿ ಟೌನ್ ಎದುರು ಪಂದ್ಯ. ಗ್ರಿಮ್ಸ್‌ಬಿ ಅಂದರೆ ಮೀನುಗಾರರ ಊರು, ತಂಡ ಆಗ ನಾಲ್ಕನೇ ದರ್ಜೆಯದು. ಅಲ್ಲಿನ ಅಭಿಮಾನಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಮೀನು ಹಿಡಿದು ಪಂದ್ಯಕ್ಕೆ ಬರುತ್ತಾರೆ. ನಮ್ಮಲ್ಲಿ ಆಟ ಶುರುವಾದದ್ದು ರಾತ್ರಿ ಹನ್ನೆರಡೂವರೆಗೆ. ಅರ್ಧ ಆಟಕ್ಕೆ ಯುನೈಟೆಡ್ ಎರಡು ಗೋಲು ಹಿಂದೆ. ಹೊರಗೆ ಮಳೆ, ಮ್ಯಾನೇಜರ್ ರುಬೆನ್ ಅಮೋರಿಮ್ ಒಂದು ಪುಟ್ಟ ಹಲಗೆ ಹಿಡಿದು ಅಯಸ್ಕಾಂತದ ಬಿಲ್ಲೆಗಳನ್ನು ಅತ್ತಿತ್ತ ಸರಿಸುತ್ತಿದ್ದಾರೆ. ಕೊನೆಗೆ ಹೇಗೋ 2–2 ಆಗಿ, ಪೆನಾಲ್ಟಿಗೆ ಹೋಗಿ, ಒಬ್ಬರಾದ ಮೇಲೊಬ್ಬರು ಹೊಡೆದು ಹೊಡೆದು ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಯುನೈಟೆಡ್ಡಿನ ಎಂಬ್ವೆಮೊ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿಯಿತು. 12–11ಕ್ಕೆ ಸೋಲು. ಎದುರುಮನೆಯಿಂದ “ಅಯ್ಯೋ!” ಎಂಬ ಕೂಗು ಕೇಳಿ ಮೂರು ಮನೆಗಳ ದೀಪ ಹತ್ತಿದವು. ಗಣಪತಿಗೇನಾದರೂ ಆಯಿತೇನೋ ಎಂದು ಅವನ ತಾಯಿ ಹಾಲಿಗೆ ಓಡಿ ಬಂದರಂತೆ.

ಬೆಳಿಗ್ಗೆ ಸಮಾಧಾನ ಹೇಳೋಣವೆಂದು ಹೋದೆ. ಅವನು ಆಗಲೇ ಗಡ್ಡ ಹೆರೆದು, ಇಸ್ತ್ರಿ ಷರಟು ಹಾಕಿ, ಉಳಿದಿದ್ದ ಕಡುಬು ತಿನ್ನುತ್ತ, ಮದುವೆ ಮನೆಯ ಯಜಮಾನನ ಉತ್ಸಾಹದಲ್ಲಿ ಕೂತಿದ್ದ. ಎದುರಿಗೆ ಒಂದು ಡೆಲಿವರಿ ಚಲನ್ನು, ಅದರ ಹಿಂಬದಿಯಲ್ಲಿ ಅಡ್ಡಗೆರೆ ಎಳೆದ ಪಟ್ಟಿ. ನಟ್ಟು ಬೋಲ್ಟಿಗೆ ಕೊಟೇಷನ್ ತುಲನೆ ಮಾಡುತ್ತಾರಲ್ಲ, ಅದೇ ನಮೂನೆ. ‘ಗ್ಲಾಸ್ನರ್: 2025ರ ಎಫ್‌ಎ ಕಪ್, ಕ್ರಿಸ್ಟಲ್ ಪ್ಯಾಲೇಸ್. ಸ್ಯಾಂಪಲ್ ಓಕೆ.’ ‘ಇರಾವೊಲಾ: ಬೋರ್ನ್‌ಮತ್. ಸಣ್ಣ ವೆಂಡರ್, ದೊಡ್ಡ ಆರ್ಡರ್ ತಡೀತಾನಾ?’ ‘ಸೌತ್‌ಗೇಟ್: 2 ಯೂರೋ ಫೈನಲ್, 2 ಸೋಲು. ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ ರಿಜೆಕ್ಟ್.’ ಎಲ್ಲಕ್ಕಿಂತ ಕೆಳಗೆ, ಕೆಂಪು ಶಾಯಿಯಲ್ಲಿ, ‘ಜಿದಾನ್: ಕೊಟೇಷನ್ ಕೊಡ್ತಿಲ್ಲ.’

ಮ್ಯಾನೇಜರ್ ಇನ್ನೂ ಕುರ್ಚಿಯಲ್ಲೇ ಇದ್ದಾರಲ್ಲ ಎಂದೆ. “ಸ್ಟಾಕ್ ಖಾಲಿಯಾದ ಮೇಲೆ ಎನ್‌ಕ್ವೈರಿ ಕಳ್ಸೋದು ದಡ್ಡರ ಕೆಲ್ಸ ಸಾರ್” ಎಂದ. ಮೂರು ಗಂಟೆಯಲ್ಲಿ ಕೂಗಿದ ಗಂಟಲು ಅವನದೇ ಎಂದು ನಂಬುವುದು ಕಷ್ಟವಾಯಿತು. ಗೆದ್ದ ಭಾನುವಾರಗಳಲ್ಲಿ ಅವನನ್ನು ನಾನು ನೋಡಿದ್ದೇನೆ. ತರಕಾರಿ ಚೀಲ ಹಿಡಿದು ಸಪ್ಪಗೆ ಹೋಗುತ್ತಿರುತ್ತಾನೆ. ಗೆದ್ದರೆ ಮಾತಾಡುವುದಕ್ಕೆ ಏನಿದೆ?

ತಂಡ ಹೇಗೆ ನಿಲ್ಲಬೇಕು ಅನ್ನುವುದನ್ನು ಪೋಪ್ ಹೇಳಿದರೂ ಬದಲಿಸುವುದಿಲ್ಲ ಎಂದು ಅಮೋರಿಮ್ ಮರುತಿಂಗಳು ಪತ್ರಕರ್ತರಿಗೆ ಹೇಳಿದರು. ಕಮಿಟಿ ಹೇಳಿದರೂ ಬದಲಿಸಲಿಲ್ಲ. 2026ರ ಜನವರಿಯಲ್ಲಿ ಅವರೂ ಹೊರಟರು. ಸೀಸನ್ ಮುಗಿಯುವ ತನಕ ಯುನೈಟೆಡ್ಡಿನ ಹಳೇ ಆಟಗಾರ ಮೈಕೆಲ್ ಕ್ಯಾರಿಕ್ ಎಂದು ಪ್ರಕಟವಾದಾಗ ಬ್ಯಾಂಕಿನವನು ಡಿಎನ್‌ಎ ಗೆದ್ದಿತೆಂದು ಬೀಗಿದ. ಕಮಿಟಿಯ ಸಂತೋಷ ಬೇರೆಯದೇ. ತಾತ್ಕಾಲಿಕ ನೇಮಕ, ಅಂದರೆ ಬೇಸಿಗೆಯವರೆಗೂ ಹುಡುಕಬಹುದು!

ಫರ್ಗುಸನ್‌ಗೂ ಮೊದಮೊದಲು ಸಮಯ ಕೊಟ್ಟಿರಲಿಲ್ಲವೇ ಎಂದು ನಾನೊಮ್ಮೆ ಕೆಣಕಿದ್ದೆ. 1989ರಲ್ಲಿ ಅವರದೇ ಮೈದಾನದಲ್ಲಿ, ಮೂರು ವರ್ಷದ ಸಬೂಬು ಸಾಕು, ಹೊರಡಿ ಎನ್ನುವ ಅರ್ಥದ ಬ್ಯಾನರನ್ನು ಅಭಿಮಾನಿಯೊಬ್ಬ ಎತ್ತಿದ್ದ. ಮೊದಲ ಟ್ರೋಫಿ ಬಂದದ್ದು ಮರುವರ್ಷ. “ಆ ಬ್ಯಾನರ್ ಎತ್ತಿದವ್ನಿಗೆ ಫುಟ್‌ಬಾಲ್ ಗೊತ್ತಿರ್ಲಿಲ್ಲ ಸಾರ್” ಎಂದು ತೀರ್ಪು ಕೊಟ್ಟ. ಯುನೈಟೆಡ್ ಸತತ ಐದು ಪಂದ್ಯ ಗೆಲ್ಲುವವರೆಗೆ ಕೂದಲು ಕತ್ತರಿಸುವುದಿಲ್ಲವೆಂದು 2024ರಲ್ಲಿ ಹರಕೆ ಹೊತ್ತು, ತಲೆ ಪೊದೆಯಾದರೂ ಬಿಡದೆ ಕೂತ ಇಂಗ್ಲಿಷ್ ಅಭಿಮಾನಿಯೊಬ್ಬನ ಮೇಲೆ ಮಾತ್ರ ಅವನಿಗೆ ಗೌರವವಿದೆ. ತಾನೂ ಹಾಗೆ ಮಾಡುತ್ತಿದ್ದನಂತೆ, ಕೂದಲಿದ್ದಿದ್ದರೆ.

ಇಷ್ಟೆಲ್ಲ ನಡೆಯುವ ಹೊತ್ತಿಗೆ ಅವನ ಕಾರ್ಖಾನೆಯಲ್ಲೂ ಮ್ಯಾನೇಜರುಗಳು ಬದಲಾದರು. ಹೊಸಬರು ಹೇಗೆ ಎಂದು ಕೇಳಿದೆ. ಆಚೀಚೆ ನೋಡಿ, ದನಿ ತಗ್ಗಿಸಿ, “ಒಳ್ಳೆಯವ್ರು ಸಾರ್” ಎಂದ. ಹಳಬರು? “ಅವ್ರೂ ಒಳ್ಳೆಯವ್ರೇ.” ಬೀಳ್ಕೊಡುಗೆಗೆ ಹಾರ ತಂದವನೂ ಸ್ವಾಗತಕ್ಕೆ ಹಾರ ತಂದವನೂ ಇವನೇ, ಎರಡೂ ಒಂದೇ ಅಂಗಡಿಯಿಂದ, ರೇಟಿನಲ್ಲಿ ಐದು ಪರ್ಸೆಂಟ್ ಇಳಿಸಿಕೊಂಡು.

ಇನ್ನು ಬೆಂಗಳೂರು ಎಫ್‌ಸಿ. 2013ರಲ್ಲಿ, ಅಂದರೆ ಫರ್ಗುಸನ್ ಹೊರಟ ವರ್ಷವೇ, ಹುಟ್ಟಿದ ಕ್ಲಬ್ಬು. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಗೆಲ್ಲಿಸಿದ ಕೋಚ್ ಆಶ್ಲಿ ವೆಸ್ಟ್‌ವುಡ್ ಹುಡುಗನಾಗಿದ್ದಾಗ ಆಟ ಕಲಿತದ್ದು ಮ್ಯಾಂಚೆಸ್ಟರ್ ಯುನೈಟೆಡ್ಡಿನ ಯುವ ತಂಡದಲ್ಲೇ. ಅಂದರೆ ಡಿಎನ್‌ಎ ಕಂಠೀರವ ಸ್ಟೇಡಿಯಂವರೆಗೆ ತಾನಾಗಿ ನಡೆದು ಬಂದಿತ್ತು. ಕಮಿಟಿ ಅಲ್ಲಿಗೆ ಒಮ್ಮೆಯೂ ಹೋಗಲಿಲ್ಲ; ಟ್ರಾಫಿಕ್ ಜಾಸ್ತಿ. ನಮ್ಮೂರ ತಂಡಕ್ಕೆ ಕೋಚ್ ಯಾರೆಂದು ಕೇಳಿದರೆ, “ಯಾರೋ ಸ್ಪೇನಿನವ್ರಿರ್ಬೇಕು” ಅನ್ನುತ್ತಾನೆ. ರೋಕಾ, ಕ್ವಾದ್ರಾತ್, ಸರಗೋಸಾ ಎಂದು ಒಬ್ಬರಲ್ಲ ಒಬ್ಬರು ಸ್ಪೇನಿನವರು ಬಂದು ಹೋದ ಕ್ಲಬ್ಬಾದ್ದರಿಂದ ಆ ಉತ್ತರವೂ ಹಲವು ಸಲ ಸರಿಯಾಗಿಬಿಡುತ್ತದೆ.

ಕೆಟ್ಟವನಲ್ಲ. ಬೀದಿಯಲ್ಲಿ ಯಾರ ಮನೆಯ ಸಂಪು ಒಡೆದರೂ ಒಳ್ಳೆ ಮೇಸ್ತ್ರಿಯನ್ನು ಹುಡುಕಿ ಕೊಡುತ್ತಾನೆ, ಅದೂ ಮೂರು ಕೊಟೇಷನ್ ಸಮೇತ. ಶನಿವಾರ ಸಂಜೆ ನಮ್ಮ ಕಡೆ ಬಂದರೆ ದರ್ಶಿನಿಯ ಮರದ ಕೆಳಗೆ ಸಿಗುತ್ತಾನೆ. ಗುರುತು ಹಿಡಿಯುವುದೇನೂ ಕಷ್ಟವಲ್ಲ. ನಿಮಗೆ ಯಾವ ಹೆಸರು ತೋಚಿದರೂ ಹೇಳಿ, ಬರೆದುಕೊಳ್ಳುತ್ತಾನೆ. ಜಿದಾನ್ ಹೆಸರೊಂದನ್ನು ಮಾತ್ರ ಎತ್ತಬೇಡಿ, ಅಂಗಡಿ ಬಾಗಿಲು ಹಾಕುವುದು ಹತ್ತೂವರೆಗೆ.