ಹುಟ್ಟಿದ್ದೆಲ್ಲಿ ಎಂದು ಬರೆಸಿಕೊಳ್ಳಿ

ಮುಂಬೈಯ ಕ್ರಾಫರ್ಡ್ ಮಾರುಕಟ್ಟೆಯ ಅಕ್ವೇರಿಯಂ ಅಂಗಡಿಯೊಂದರ ಗಾಜಿನ ತೊಟ್ಟಿಯಿಂದ, ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟಿ ತೊಟ್ಟ ಕ್ಲೌನ್ ಮೀನು ಮಾತಾಡಿದೆ.

ಪ್ರಶ್ನೆ: ಈ ಊರಿನಲ್ಲಿ ನಿಮಗೆ ಒಳ್ಳೆಯ ಮರ್ಯಾದೆ ಇದೆಯಲ್ಲ?

ಮೀನು: ಮರ್ಯಾದೆ ನನ್ನ ಬಣ್ಣಕ್ಕೆ ಮಾರಾಯ್ರೇ, ನನಗಲ್ಲ. ನಿಜವಾದ ಮರ್ಯಾದೆ ಹವಳಕ್ಕೆ. 2020ರಲ್ಲಿ ಕೋಸ್ಟಲ್ ರೋಡಿಗಾಗಿ ವರ್ಲಿ, ಹಾಜಿ ಅಲಿಯ ಬಂಡೆಗಳ ಮೇಲಿದ್ದ ಹವಳದ ಗುಂಪುಗಳನ್ನು ಬಿಡಿಸಿ ಬೇರೆಡೆ ನೆಟ್ಟರು. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ, ಗೋವಾದ ಸಾಗರ ವಿಜ್ಞಾನಿಗಳ ಉಸ್ತುವಾರಿ. ಇಷ್ಟೆಲ್ಲ ಉಪಚಾರ ಯಾಕೆಂದರೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆ ಹವಳವೂ ಕೂತಿದೆ. ಮುಂಬೈಯಲ್ಲಿ ಇಷ್ಟು ಸಲೀಸಾಗಿ ಪುನರ್ವಸತಿ ಸಿಕ್ಕವರು ಅಪರೂಪ. ನಮ್ಮವರು ಅಂಡಮಾನಿನ ಕಡೆಯವರು. ವಾಸ ಸೀ ಅನಿಮೋನ್ ಎಂಬ ಕಡಲಜೀವಿಯ ಕುಟುಕುವ ಎಳೆಗಳ ನಡುವೆ, ಮೈಮೇಲಿನ ಲೋಳೆಯ ದಯೆಯಿಂದ. ಕಾಯ್ದೆಯ ಆ ಅನುಸೂಚಿಯಲ್ಲಿ ಅನಿಮೋನಿನ ಹೆಸರಿಲ್ಲ, ನನ್ನದೂ ಇಲ್ಲ. ಹವಳ ಮಾರಿದರೆ ಕೇಸು, ನನ್ನನ್ನು ಮಾರಿದರೆ ಬಿಲ್ಲು.

ಪ್ರಶ್ನೆ: ಹ್ಯಾಚರಿಯ ಮೀನು, ಕಡಲಿಗೇನು ನಷ್ಟ ಎನ್ನುತ್ತಾರಲ್ಲ ಅಂಗಡಿಯವರು?

ಮೀನು: ಹ್ಯಾಚರಿಯದೇ ಆದರೆ ನನ್ನ ತಕರಾರಿಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಞಂಗಳಲ್ಲಿ ನಮ್ಮ ಮರಿ ಮಾಡಿಸಿ ತೋರಿಸಿದ್ದಾರೆ. ಆದರೆ ಹಾಗೆಂದು ಬಾಯಲ್ಲಿ ಹೇಳಲು ಕಾಸು ಬೇಕಿಲ್ಲ. ಕಡಲಿನಲ್ಲಿ ಹಿಡಿದರೆ ನಷ್ಟ ಬರೀ ಒಂದು ಮೀನಿನದಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವಳೇ ಹೆಣ್ಣು, ಎರಡನೆಯವನು ಅವಳ ಗಂಡ, ಉಳಿದವರು ಸರದಿಯಲ್ಲಿ ಕಾಯುವವರು. ಬಲೆಗೆ ದೊಡ್ಡವಳೇ ಬೀಳಬಹುದು. ಅವಳು ಹೋದರೆ ಗಂಡನೇ ಹೆಣ್ಣಾಗುತ್ತಾನೆ, ಸರದಿಯ ಮುಂದಿನವನು ಗಂಡಾಗುತ್ತಾನೆ (ನಗಬೇಡಿ, ಕಾಲ ಹಿಡಿಯುವ ಕೆಲಸ). ಅಲ್ಲಿಯವರೆಗೆ ಆ ಮನೆಯಲ್ಲಿ ಮೊಟ್ಟೆಯಿಲ್ಲ. ಇನ್ನು ಚಿಟ್ಟೆ ಮೀನುಗಳ ಪಾಡು ಕೇಳಬೇಡಿ. ಅವುಗಳಲ್ಲಿ ಕೆಲವು ಜಾತಿಗಳಿಗೆ ಜೀವಂತ ಹವಳವೇ ಊಟ. ತೊಟ್ಟಿಯಲ್ಲಿ ಎದುರಿಗೆ ಕಾಳು ತೇಲುತ್ತಿದ್ದರೂ ಹಸಿದು ಸಾಯುತ್ತವೆ.

ಪ್ರಶ್ನೆ: ಹಾಗಾದರೆ ಈ ಊರಿನ ಮಕ್ಕಳು ಬಣ್ಣದ ಮೀನು ನೋಡುವುದೇ ಬೇಡವೇ?

ಮೀನು: ಯಾಕೆ ಬೇಡ? 1951ರಿಂದ ಮರೀನ್ ಡ್ರೈವಿನ ತಾರಾಪೋರ್‌ವಾಲಾ ಅಕ್ವೇರಿಯಂ ಮಾಡುತ್ತಿದ್ದುದು ಅದನ್ನೇ. ಎಲ್ಲರೂ ಟಿಕೆಟು ಕೊಂಡು ಒಂದೇ ಮೀನನ್ನು ನೋಡುತ್ತಿದ್ದರು. ಮನೆಗೊಂದು ಮೀನು ಬೇಕಿರಲಿಲ್ಲ. ಕೋವಿಡ್ ಕಾಲದಲ್ಲಿ ಮುಚ್ಚಿದ ಆ ಬಾಗಿಲು ವರ್ಷಗಟ್ಟಲೆ ತೆರೆಯಲಿಲ್ಲ. ಅದಿಲ್ಲದಿದ್ದರೇನು, ಮಕ್ಕಳನ್ನು ಕಡಲ ಇಳಿತದ ಹೊತ್ತಿಗೆ ಹಾಜಿ ಅಲಿಯ ಬಂಡೆಗಳಿಗೆ ಕರೆದೊಯ್ಯಿರಿ, ನೀರುಗುಂಡಿಗಳಲ್ಲಿ ಅನಿಮೋನ್ ಪುಕ್ಕಟೆ ಕಾಣುತ್ತದೆ. ನನ್ನನ್ನು ಕೊಳ್ಳಲೇಬೇಕೆಂದಿದ್ದರೆ ಯಾವ ಹ್ಯಾಚರಿಯಲ್ಲಿ ಹುಟ್ಟಿದ್ದೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಬರಿಗೈಯಲ್ಲಿ ಹೊರಡಿ.